45 ಸಾವಿರದೊಳಗೆ ಹಳೇ ಸ್ಪ್ಲೆಂಡರ್ ಪ್ಲಸ್: ತುಮಕೂರಿನಲ್ಲಿ ನೋಡಿ ತಗೊಂಡಿದ್ದು ಹೇಗಿದೆ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ತಗೊಂಡಿದ್ದು 2018ರ ಹೀರೋ ಸ್ಪ್ಲೆಂಡರ್ ಪ್ಲಸ್. ಕೆಎ-06 ನಂಬರ್, ಕಪ್ಪು ಬಣ್ಣ, ಸಿಂಗಲ್ ಓನರ್. ಗಾಡಿಗೆ 38 ಸಾವಿರ ಕೊಟ್ಟೆ. ಅದರ ಮೇಲೆ ಟೈರು, ಚೈನ್ ಕಿಟ್ಟು, ಇನ್ಶೂರೆನ್ಸು, ಆರ್‌ಸಿ ವರ್ಗಾವಣೆ ಅಂತ ಇನ್ನೂ ಏಳು ಸಾವಿರದ ಹತ್ತಿರ ಹೋಯಿತು. ಕೈಯಲ್ಲಿದ್ದ 45 ಸಾವಿರ ಸರಿಯಾಗಿ ಸಾಕಾಯಿತು. ಕೆಲವು ತಿಂಗಳಿಂದ ದಿನಾ ಓಡಿಸುತ್ತಿದ್ದೇನೆ, ಕ್ಯಾತ್ಸಂದ್ರದಿಂದ ಅಂತರಸನಹಳ್ಳಿ ಕಡೆಗೆ ಕೆಲಸಕ್ಕೆ. ನಡು ರಸ್ತೆಯಲ್ಲಿ ಇನ್ನೂ ಕೈ ಕೊಟ್ಟಿಲ್ಲ.

ಹಳೇ ಗಾಡಿ ವಿಚಾರದಲ್ಲಿ ನನ್ನ ಅಭಿಪ್ರಾಯ ಒಂದೇ. ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದಕ್ಕಿಂತ ಯಾರು ಓಡಿಸಿದ್ದು, ಹೇಗೆ ಇಟ್ಟುಕೊಂಡಿದ್ದು ಅನ್ನುವುದೇ ಮುಖ್ಯ. ಅದನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ. ಆರ್‌ಸಿ ಹೇಳುತ್ತದೆ, ತಣ್ಣಗಿರುವ ಇಂಜಿನ್ ಹೇಳುತ್ತದೆ, ಸವೆದ ಫುಟ್‌ರೆಸ್ಟ್ ರಬ್ಬರ್ ಹೇಳುತ್ತದೆ. ಹಾಗಾಗಿ ಇಲ್ಲಿ ಗಾಡಿ ಬಗ್ಗೆ ಸ್ವಲ್ಪ, ಅದನ್ನು ಹುಡುಕಿ ನೋಡಿದ್ದರ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ.

ಸ್ಪ್ಲೆಂಡರೇ ಯಾಕೆ ಅಂತ ಕೇಳುವವರಿಗೆ: ಗುಬ್ಬಿ, ಕುಣಿಗಲ್, ಸಿರಾ, ಯಾವ ಊರಿಗೆ ಹೋದರೂ ಇದರ ಪಾರ್ಟ್ಸ್ ಸಿಗುತ್ತದೆ. ಹಳ್ಳಿ ಬಸ್‌ಸ್ಟಾಪ್ ಪಕ್ಕದಲ್ಲಿ ಪಂಕ್ಚರ್ ಹಾಕುವವನಿಗೂ ಇದರ ಕಾರ್ಬುರೇಟರ್ ಬಿಚ್ಚಿ ತೊಳೆಯಲು ಗೊತ್ತು. 97.2 ಸಿಸಿ ಇಂಜಿನ್, ನಾಲ್ಕು ಗೇರ್, ಗಾಳಿಯಲ್ಲೇ ತಣ್ಣಗಾಗುವ ಬ್ಲಾಕ್. ಕೆಡಲು ಜಾಸ್ತಿ ಸಾಮಾನೇ ಇಲ್ಲ. ಹೋಂಡಾ ಶೈನ್ ಕೂಡ ನೋಡಿದೆ, ಓಡಿಸಲು ಅದೇ ಚೆನ್ನ, ಸುಳ್ಳು ಹೇಳಬಾರದು. ಆದರೆ ನನ್ನ ದುಡ್ಡಿಗೆ ಸಿಗುತ್ತಿದ್ದ ಶೈನ್‌ಗಳೆಲ್ಲ ಇನ್ನೂ ಮೂರ್ನಾಲ್ಕು ವರ್ಷ ಹಳೆಯವು. ಪಲ್ಸರ್ 150 ಈ ಬೆಲೆಗೆ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ಅದನ್ನು ಹುಡುಗರು ಹೇಗೆ ಓಡಿಸಿರುತ್ತಾರೆ ಅಂತ ಒಂದು ಸಲ ಯೋಚನೆ ಮಾಡಿ, ಅಷ್ಟು ಸಾಕು.

ಬಿಎಸ್4 (ಗಾಡಿ ಹೊಗೆಗೆ ಸರ್ಕಾರ ಇಟ್ಟಿರುವ ಮಿತಿಯ ಒಂದು ಹಂತ) ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. 2017ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ಬಂದ ಗಾಡಿಗಳು ಇವು. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗೆ ಫ್ಯೂಯಲ್ ಇಂಜೆಕ್ಷನ್ ಬಂತು. ಅದೂ ಒಳ್ಳೆಯದೇ, ಬೆಳಿಗ್ಗೆ ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಸೆನ್ಸರ್, ಪಂಪ್ ಏನಾದರೂ ಹೋದರೆ ಖರ್ಚು ಬೇರೆ, ಅದನ್ನು ನೋಡುವವರನ್ನು ಹುಡುಕುವುದು ಬೇರೆ. ಇನ್ನು ತುಂಬಾ ಕಡಿಮೆ ಬೆಲೆಗೆ, ಇಪ್ಪತ್ತು ಇಪ್ಪತ್ತೈದು ಸಾವಿರಕ್ಕೆ, ಸಿಗುವ 2011, 2012ರ ಗಾಡಿಗಳಿಗೆ ಆಸೆ ಬೀಳಬೇಡಿ. ಆರ್‌ಸಿ ಆಯಸ್ಸು 15 ವರ್ಷ. ಅಂದರೆ ನೀವು ತಗೊಂಡು ಸ್ವಲ್ಪ ದಿನಕ್ಕೇ ಮತ್ತೆ ಆರ್‌ಟಿಒ ಬಾಗಿಲಿಗೆ ಹೋಗಿ, ಗಾಡಿ ತೋರಿಸಿ, ಫೀಸ್ ಕಟ್ಟಿ ಐದು ವರ್ಷಕ್ಕೆ ನವೀಕರಣ ಮಾಡಿಸಬೇಕು. ನನ್ನ ಗಾಡಿಗೆ 2033ರವರೆಗೆ ಆ ತಲೆನೋವು ಇಲ್ಲ.

ಹುಡುಕಲು ಶುರು ಮಾಡಿದ್ದು ಬಿ.ಎಚ್. ರಸ್ತೆ ಕಡೆಯ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಅಂಗಡಿಯಿಂದ. ಹೆಸರು ಬೇಡ. ಒಳ್ಳೆಯದನ್ನು ಮೊದಲು ಹೇಳುತ್ತೇನೆ: ಒಂದೇ ಕಡೆ ಸಾಲಾಗಿ ಇಪ್ಪತ್ತು ಮೂವತ್ತು ಗಾಡಿ ನೋಡಬಹುದು, ಯಾವ ವರ್ಷದ್ದಕ್ಕೆ ಎಷ್ಟು ರೇಟು ಅನ್ನುವ ಅಂದಾಜು ಸಿಗುತ್ತದೆ, ಹಳೇ ಗಾಡಿ ಇದ್ದರೆ ಎಕ್ಸ್‌ಚೇಂಜ್ ಮಾಡಿಕೊಳ್ಳುತ್ತಾರೆ. ಅಷ್ಟೇ. ನಾನು ಕೇಳಿದ ಸ್ಪ್ಲೆಂಡರ್ ಪಳಪಳ ಹೊಳೆಯುತ್ತಿತ್ತು. ಹೊಸ ಸೀಟ್ ಕವರ್, ಹೊಸ ಸ್ಟಿಕರ್, ಸೈಲೆನ್ಸರಿಗೆ ಕಪ್ಪು ಪೇಂಟ್. ಬೆಲೆ 52 ಸಾವಿರ. "ಸಾರ್, ಡಾಕ್ಟರ್ ಗಾಡಿ ಇದು, ಕ್ಲಿನಿಕ್ಕಿಗೆ ಮನೆಗೆ ಅಷ್ಟೇ ಓಡಿಸಿರೋದು" ಅಂದರು. ಮೀಟರ್‌ನಲ್ಲಿ 19 ಸಾವಿರ ಚಿಲ್ಲರೆ ಕಿಲೋಮೀಟರ್. ಬ್ರೇಕ್ ಪೆಡಲ್ ನೋಡಿದರೆ ಗೀರು ಗೀರಾಗಿದ್ದ ಕಬ್ಬಿಣ ಸವೆದು ನುಣ್ಣಗಾಗಿತ್ತು. ಹಿಂದಿನ ಕ್ಯಾರಿಯರ್ ಜಾಗದಲ್ಲಿ ಬೋಲ್ಟ್ ಬಿಗಿದ ಗುರುತು, ಹ್ಯಾಂಡಲ್ ಮೇಲೆ ಮೊಬೈಲ್ ಹೋಲ್ಡರ್ ಕೂತಿದ್ದ ಗುರುತು. ನಂಬರ್ ಬೆಂಗಳೂರಿನದು. ಯಾವ ಡಾಕ್ಟರ್ ಊಟದ ಪಾರ್ಸೆಲ್ ಡೆಲಿವರಿ ಮಾಡ್ತಾರೆ ಅಲ್ವಾ?

ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್ ಅಷ್ಟೇ, ಹಾಗಾಗಿ ಅಲ್ಲಿ ಡೆಲಿವರಿ ಕೆಲಸಕ್ಕೆ ಓಡಿ ಸುಸ್ತಾದ ಗಾಡಿಗಳು ನಮ್ಮ ಕಡೆಗೆ ಬರುತ್ತವೆ. ಬೆಂಗಳೂರು ನಂಬರ್ ಅಂದ ತಕ್ಷಣ ಬೇಡ ಅನ್ನಬೇಕಿಲ್ಲ. ಆದರೆ ಮೀಟರ್ ನಂಬಬೇಡಿ. ಈ ಸ್ಪ್ಲೆಂಡರ್‌ನ ಮುಳ್ಳಿನ ಮೀಟರ್ ಓಡುವುದು ಮುಂದಿನ ಚಕ್ರದಿಂದ ಬರುವ ಕೇಬಲ್‌ನಿಂದ. ಕೇಬಲ್ ಕಳಚಿದರೆ ಗಾಡಿ ಓಡುತ್ತದೆ, ಮೀಟರ್ ನಿಲ್ಲುತ್ತದೆ. ಮೀಟರನ್ನೇ ಬದಲಾಯಿಸಿಬಿಟ್ಟರಂತೂ ಕೇಳುವುದೇ ಬೇಡ. ಅದಕ್ಕೆ ಮೀಟರ್ ಬಿಟ್ಟು ಬೇರೆ ಕಡೆ ನೋಡಿ. ಫುಟ್‌ರೆಸ್ಟ್ ರಬ್ಬರ್, ಗೇರ್ ಲಿವರ್, ಹ್ಯಾಂಡಲ್ ಗ್ರಿಪ್, ಕೀ ಹಾಕುವ ತೂತಿನ ಸುತ್ತ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2321 ಅಂತಿದ್ದರೆ 2021ರ 23ನೇ ವಾರ ತಯಾರಾದ ಟೈರು ಅಂತ ಅರ್ಥ. 2018ರ ಗಾಡಿ, ಮೀಟರ್ ಹನ್ನೆರಡು ಸಾವಿರ ತೋರಿಸುತ್ತಿದೆ, ಎರಡೂ ಟೈರು 2021ರಲ್ಲೇ ಬದಲಾಗಿ ಅವೂ ಈಗ ಸವೆದಿವೆ ಅಂದರೆ ಲೆಕ್ಕ ಎಲ್ಲೋ ತಪ್ಪುತ್ತಿದೆ.

ಆ ಅಂಗಡಿಯಲ್ಲಿ ಇನ್ನೊಂದು ವಿಷಯ ನನಗೆ ಹಿಡಿಸಲಿಲ್ಲ. ಬರುವ ಮೊದಲು ಫೋನ್ ಮಾಡಿದ್ದೆ. ಹೋಗಿ ಇಂಜಿನ್ ಹತ್ತಿರ ಕೈ ಇಟ್ಟರೆ ಬಿಸಿ. ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಮೂರು ತಿಂಗಳು ಇಂಜಿನ್ ಗ್ಯಾರಂಟಿ ಅಂದರು. ಬಿಲ್ ಮೇಲೆ ಬರೆದುಕೊಡಿ ಅಂದಾಗ, "ಬಾಯಿ ಮಾತೇ ಗ್ಯಾರಂಟಿ ಬಿಡಿ ಸಾರ್" ಅಂತ ನಕ್ಕರು. ನಾನೂ ನಕ್ಕು ಆಚೆ ಬಂದೆ.

ಮೊಬೈಲ್‌ನಲ್ಲಿ ಬರುವ ಜಾಹೀರಾತುಗಳ ಬಗ್ಗೆ ಜಾಸ್ತಿ ಹೇಳಲ್ಲ. ಒಳ್ಳೆಯ ಗಾಡಿ ಅಲ್ಲೂ ಇರುತ್ತವೆ. ಆದರೆ ಎದುರಿಗೆ ಗಾಡಿ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಕಳಿಸಬೇಡಿ. ಮಿಲಿಟರಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಗಾಡಿ ಪಾರ್ಸೆಲ್‌ನಲ್ಲಿ ಕಳಿಸುತ್ತೇನೆ ಅನ್ನುವವರು ಬಹಳ ಹಳೇ ಮೋಸಗಾರರು. ಬೆಲೆ ಮಾರುಕಟ್ಟೆಗಿಂತ ಅರ್ಧಕ್ಕೆ ಇರುತ್ತದೆ, ಆಸೆ ಹುಟ್ಟಿಸುವುದೇ ಅದರ ಕೆಲಸ.

ಕೊನೆಗೆ ಗಾಡಿ ಸಿಕ್ಕಿದ್ದು ನಮ್ಮ ಮೆಕ್ಯಾನಿಕ್ ಅಣ್ಣನಿಂದ. ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರ ಗಾಡಿ ಇದೆ, ಮೊದಲಿಂದ ನಾನೇ ಆಯಿಲ್ ಬದಲಾಯಿಸ್ತಿದ್ದೀನಿ ಅಂದರು. ಈ ಒಂದು ಮಾತು ಯಾವ ಜಾಹೀರಾತಿಗಿಂತ ದೊಡ್ಡದು. ನಿಮ್ಮ ಏರಿಯಾದಲ್ಲಿ ಗುರುತಿರುವ ಮೆಕ್ಯಾನಿಕ್ ಇದ್ದರೆ ಮೊದಲು ಅವರ ಹತ್ತಿರ ಹೇಳಿ ಇಡಿ, ಒಂದೆರಡು ತಿಂಗಳು ತಡವಾದರೂ ಪರವಾಗಿಲ್ಲ. ಜೊತೆಗೆ ಬಂದಿದ್ದಕ್ಕೆ ಅವರಿಗೆ ಪೆಟ್ರೋಲ್, ತಿಂಡಿ ಬಿಟ್ಟು ಐನೂರು ರೂಪಾಯಿ ಕೊಟ್ಟೆ. ಇಡೀ ವ್ಯವಹಾರದಲ್ಲಿ ಇಷ್ಟು ಚೆನ್ನಾಗಿ ಖರ್ಚಾದ ಐನೂರು ಬೇರೆ ಇಲ್ಲ.

ಈಗ ಕಾಗದ ಪತ್ರ. ಇದನ್ನು ಗಾಡಿ ನೋಡುವ ಮೊದಲೇ ಮನೆಯಲ್ಲಿ ಕೂತು ಮಾಡಬೇಕು. ಗಾಡಿ ಇಷ್ಟ ಆಗಿಬಿಟ್ಟ ಮೇಲೆ ಆರ್‌ಸಿ ಸರಿಯಿಲ್ಲದಿದ್ದರೂ ಮನಸ್ಸು ಏನೋ ಒಂದು ಸಮಾಧಾನ ಹೇಳಿಕೊಳ್ಳುತ್ತದೆ. ನಂಬರ್ ಕೇಳಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮುಚ್ಚಿರುತ್ತದೆ, ಆದರೂ ಮಾರುತ್ತಿರುವವರ ಹೆಸರಿಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ. ನೋಂದಣಿ ದಿನಾಂಕ, ಯಾವ ಆರ್‌ಟಿಒ, ಇನ್ಶೂರೆನ್ಸ್ ಯಾವತ್ತಿನವರೆಗೆ, ಸಾಲ ಇದೆಯಾ, ಎಲ್ಲ ಬರುತ್ತದೆ. ಸಾಲದ ಜಾಗದಲ್ಲಿ ಫೈನಾನ್ಸ್ ಕಂಪನಿ ಹೆಸರು ಇನ್ನೂ ಇದ್ದರೆ, "ಸಾಲ ತೀರಿಸಿ ವರ್ಷ ಆಯ್ತು" ಅನ್ನುವ ಮಾತು ಕೇಳಿ ದುಡ್ಡು ಕೊಡಬೇಡಿ. ಸಾಲ ತೀರಿರುವುದು ನಿಜವೇ ಇರಬಹುದು. ಆದರೆ ಕಂಪನಿಯಿಂದ ಎನ್‌ಒಸಿ ಮತ್ತು ಫಾರಂ 35 ತಂದು ಆರ್‌ಸಿಯಿಂದ ಆ ಹೆಸರು ತೆಗೆಸುವವರೆಗೆ ಗಾಡಿ ನಿಮ್ಮ ಹೆಸರಿಗೆ ಆಗುವುದಿಲ್ಲ. ಆ ಓಡಾಟ ಮಾರುವವರದ್ದು, ನಮ್ಮದಲ್ಲ.

ವರ್ಗಾವಣೆಗೆ ಫಾರಂ 29, ಫಾರಂ 30. ಕಾನೂನಿನ ಪ್ರಕಾರ ತಗೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅಂಗಡಿಗಳಲ್ಲಿ ಕೆಲವು ಗಾಡಿಗೆ ಹಳೇ ಮಾಲೀಕರು ಯಾವಾಗಲೋ ಸಹಿ ಹಾಕಿಕೊಟ್ಟ ಖಾಲಿ ಫಾರಂ ಇರುತ್ತದೆ, ಗಾಡಿ ಮೂರು ನಾಲ್ಕು ಕೈ ಬದಲಾಗಿರುತ್ತದೆ, ಆರ್‌ಸಿ ಮಾತ್ರ ಮೊದಲನೆಯವರ ಹೆಸರಲ್ಲೇ ಇರುತ್ತದೆ. "ಸಿಂಗಲ್ ಓನರ್ ಸಾರ್" ಅನ್ನುವುದು ಹೀಗೂ ಇರುತ್ತದೆ! ಅಂಥದ್ದು ಬೇಡವೇ ಬೇಡ. ಈಗ ಆನ್‌ಲೈನ್‌ನಲ್ಲಿ ವರ್ಗಾವಣೆಗೆ ಹಾಕುವಾಗ ಮಾಲೀಕರ ಫೋನಿಗೆ ಒಟಿಪಿ ಹೋಗುತ್ತದೆ. ಆ ಮಾಲೀಕರು ಎಲ್ಲಿದ್ದಾರೋ ಗೊತ್ತಿಲ್ಲದಿದ್ದರೆ ನೀವು ಯಾರನ್ನು ಕೇಳುತ್ತೀರಿ? ಮಾಲೀಕರು ತೀರಿಕೊಂಡಿದ್ದರೆ ಫಾರಂ 31, ವಾರಸುದಾರರ ಕಾಗದ ಅಂತ ಇನ್ನೊಂದು ಕಥೆ. ಪಾವಗಡ, ಮಧುಗಿರಿ ಕಡೆಯವರಿಗೆ ಹಿಂದೂಪುರ, ಮಡಕಶಿರಾದಿಂದ ಎಪಿ ನಂಬರ್ ಗಾಡಿ ಕಡಿಮೆ ಬೆಲೆಗೆ ಸಿಗಬಹುದು. ಅಲ್ಲಿಯ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ನಂಬರ್ ಬದಲಾಯಿಸುವಷ್ಟರಲ್ಲಿ ಉಳಿದ ದುಡ್ಡು ಉಳಿದಿರುವುದಿಲ್ಲ.

ದಂಡ ಬಾಕಿ ಇದೆಯಾ ಅಂತಲೂ ಅದೇ ಕೂತಲ್ಲಿ ನೋಡಿಬಿಡಿ. ಹೆಲ್ಮೆಟ್ ಹಾಕದ್ದಕ್ಕೆ, ಸಿಗ್ನಲ್ ದಾಟಿದ್ದಕ್ಕೆ ಬಿದ್ದ ದಂಡ ಗಾಡಿ ನಂಬರ್ ಮೇಲೆಯೇ ಕೂತಿರುತ್ತದೆ. ಮೇಷ್ಟ್ರ ಗಾಡಿ ಮೇಲೆ ಒಂದೇ ಒಂದು ಹೆಲ್ಮೆಟ್ ದಂಡ ಇತ್ತು, ಅದೂ ಮಗ ಬೆಂಗಳೂರಿಗೆ ತಗೊಂಡು ಹೋದಾಗ ಬಿದ್ದದ್ದಂತೆ. ಕಟ್ಟಿಸಿಕೊಂಡೇ ಮುಂದಿನ ಮಾತು ಆಡಿದೆವು. 2019ರ ಏಪ್ರಿಲ್‌ಗಿಂತ ಹಳೇ ಗಾಡಿ ಆದರೆ ಎಚ್‌ಎಸ್‌ಆರ್‌ಪಿ ಪ್ಲೇಟ್ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಹಾಕಿಸಿದ್ದಾರಾ ಅಂತ ನೋಡಿ. ಹಾಕಿಸದಿದ್ದರೆ ಅವರ ಕೈಯಿಂದಲೇ ಹಾಕಿಸಿ.

ಇಷ್ಟು ಆದ ಮೇಲೆ ಗಾಡಿ. ಹಿಂದಿನ ರಾತ್ರಿಯೇ ಮೇಷ್ಟ್ರಿಗೆ ಫೋನ್ ಮಾಡಿ, "ಸಾರ್, ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ" ಅಂತ ಕೇಳಿಕೊಂಡಿದ್ದೆ. ಬೆಳಿಗ್ಗೆ ಏಳಕ್ಕೆ ಹೋದಾಗ ಮನೆ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಮೈಮೇಲೆ ಧೂಳು. ವಾಟರ್ ಸರ್ವಿಸ್ ಮಾಡಿಸದೆ ಧೂಳಿನಲ್ಲೇ ತೋರಿಸಿದ ಗಾಡಿ ನನಗೆ ಇಷ್ಟ. ಆಯಿಲ್ ಎಲ್ಲಿ ಸೋರುತ್ತದೋ ಅಲ್ಲೇ ಧೂಳು ಒದ್ದೆಯಾಗಿ ಅಂಟಿಕೊಂಡಿರುತ್ತದೆ, ತೊಳೆದುಬಿಟ್ಟರೆ ಆ ಗುರುತು ಹೋಗುತ್ತದೆ.

ಮೊದಲು ಕೀ ಆಫ್ ಇಟ್ಟು ಕಿಕ್ಕರನ್ನು ಕೈಯಲ್ಲಿ ನಿಧಾನಕ್ಕೆ ಒತ್ತಿ ನೋಡಿದರು ಮೆಕ್ಯಾನಿಕ್ ಅಣ್ಣ. ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯಬೇಕು. ಸುಮ್ನೆ ಜಾರಿ ಹೋದರೆ ಕಂಪ್ರೆಶನ್ ಇಲ್ಲ, ಪಿಸ್ಟನ್ ರಿಂಗೋ ವಾಲ್ವೋ ಸವೆದಿದೆ. ಆಮೇಲೆ ಆಯಿಲ್ ಕಡ್ಡಿ ತೆಗೆದು ನೋಡಿದರು. ಇದಕ್ಕೆ ಹಿಡಿಯುವುದೇ ಒಂದು ಲೀಟರ್‌ಗಿಂತ ಕಡಿಮೆ ಆಯಿಲ್, ಅದರಲ್ಲೂ ಕಮ್ಮಿ ಮಾಡಿ ಓಡಿಸಿದ್ದರೆ ಇಂಜಿನ್ ಬೇಗ ಸವೆಯುತ್ತದೆ. ಕಂಪನಿ ಹೇಳುವುದು 10ಡಬ್ಲ್ಯೂ-30 ಆಯಿಲ್. ಮಾರಲು ನಿಂತವರು ಕೆಲವರು ಬೇಕಂತಲೇ ದಪ್ಪ ಆಯಿಲ್ ಸುರಿಯುತ್ತಾರೆ. ಸದ್ದು ಅಡಗುತ್ತದೆ, ಹೊಗೆ ಸ್ವಲ್ಪ ಕಡಿಮೆ ಆಗುತ್ತದೆ, ನೀವು ಮನೆಗೆ ತಂದು ಆಯಿಲ್ ಬದಲಾಯಿಸಿದ ದಿನ ಎಲ್ಲ ವಾಪಸ್ ಬರುತ್ತದೆ.

ಚೋಕ್ ಎಳೆದು ಎರಡನೇ ಕಿಕ್ಕಿಗೆ ಸ್ಟಾರ್ಟ್. ಈಗ ಎಲ್ಲರೂ ಮಾಡುವ ಹಾಗೆ ಮುಂದೆ ನಿಂತು ಸದ್ದು ಕೇಳಬೇಡಿ, ಹಿಂದೆ ಹೋಗಿ ಸೈಲೆನ್ಸರ್ ನೋಡಿ. ಚಳಿಯಲ್ಲಿ ಬಿಳಿ ಹಬೆ ಸ್ವಲ್ಪ ಹೊತ್ತು ಬಂದು ನಿಂತರೆ ಏನೂ ಇಲ್ಲ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಕಾರ್ಬುರೇಟರ್, ಏರ್ ಫಿಲ್ಟರ್ ನೋಡಿದರೆ ಸರಿಹೋಗುತ್ತದೆ. ನೀಲಿ ಹೊಗೆ ಬಂದರೆ ಹುಷಾರು, ಅದು ಆಯಿಲ್ ಉರಿಯುತ್ತಿರುವುದು. ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ಬಂದು ನಿಂತರೆ ವಾಲ್ವ್ ಸೀಲ್ ಇರಬಹುದು, ಅಷ್ಟು ದೊಡ್ಡ ಖರ್ಚಲ್ಲ. ಬಿಸಿ ಆದ ಮೇಲೂ ಆಕ್ಸಿಲರೇಟರ್ ತಿರುವಿದಷ್ಟೂ ಬರುತ್ತಿದ್ದರೆ ಬೋರ್, ಪಿಸ್ಟನ್ ಕೆಲಸ. ನನ್ನ ಬಜೆಟ್‌ನವರು ಅಲ್ಲಿಂದಲೇ ಕೈ ಮುಗಿದು ಹೊರಡಬೇಕು, ಎಷ್ಟು ಕಡಿಮೆಗೆ ಕೊಟ್ಟರೂ.

ಸದ್ದಿನ ವಿಷಯಕ್ಕೆ ಬಂದರೆ, ಉದ್ದದ ಸ್ಕ್ರೂಡ್ರೈವರ್‌ನ ತುದಿ ಇಂಜಿನ್‌ಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕೇಳುವುದು ನಮ್ಮ ಅಣ್ಣನ ಅಭ್ಯಾಸ. ಮೇಲುಗಡೆ ಟಿಕ್ ಟಿಕ್ ಅಂದರೆ ಟ್ಯಾಪೆಟ್, ಹೊಂದಿಸಿದರೆ ಆಯಿತು. ಎಡಗಡೆ ಕರಕರ ಅಂದರೆ ಟೈಮಿಂಗ್ ಚೈನ್, ಅದಕ್ಕೆ ಸ್ವಲ್ಪ ದುಡ್ಡು ಬೇಕು. ಕೆಳಗಿಂದ ಭಾರವಾಗಿ ಟಕ್ ಟಕ್ ಅಂತ ಬಂದರೆ ಕ್ರ್ಯಾಂಕ್ ಹೋಗಿದೆ, ಮುಟ್ಟಬೇಡಿ. ಇಂಜಿನ್ ಬಿಚ್ಚಿದ್ದಾರಾ ಅಂತ ತಿಳಿಯಲು ಬೋಲ್ಟ್‌ಗಳ ತಲೆ ನೋಡಿ, ಸ್ಪ್ಯಾನರ್ ಜಾರಿ ಮೂಲೆ ಸವೆದಿರುತ್ತದೆ. ಕವರ್ ಸಂದಿನಿಂದ, ಸೋರದಂತೆ ಹಚ್ಚುವ ಅನಬಾಂಡ್ ಪೇಸ್ಟ್ ಆಚೆ ಬಂದಿರುತ್ತದೆ. ಬಿಚ್ಚಿದ್ದು ತಪ್ಪಲ್ಲ, ಯಾಕೆ ಬಿಚ್ಚಿದ್ದು ಅಂತ ಕೇಳಿದಾಗ ಏನು ಹೇಳುತ್ತಾರೆ ಅನ್ನುವುದನ್ನು ಗಮನಿಸಿ.

ಒಂದು ತಮಾಷೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತು ಕೆಲವು ಸೆಕೆಂಡ್ ಆದ ಮೇಲೆ ತಾನೇ ಆಫ್ ಆಯಿತು. ನಾನು ಮುಖ ಮುಖ ನೋಡಿದೆ. ಮೇಷ್ಟ್ರು ಕ್ಲಚ್ ಹಿಡಿದರು, ಮತ್ತೆ ಸ್ಟಾರ್ಟ್ ಆಯಿತು. ಐ3ಎಸ್ ಅಂತ ಇದೆ ಕೆಲವು ಮಾಡೆಲ್‌ಗೆ, ಸಿಗ್ನಲ್‌ನಲ್ಲಿ ಪೆಟ್ರೋಲ್ ಉಳಿಸಲು. ಬಲಗಡೆ ಸ್ವಿಚ್ ಇರುತ್ತದೆ, ಆಫ್ ಮಾಡಿಕೊಂಡು ಐಡ್ಲಿಂಗ್ ನೋಡಿ. ಅದು ಸರಿಯಾಗಿ ಕೆಲಸ ಮಾಡಿದರೆ ಬ್ಯಾಟರಿ, ಸೆಲ್ಫ್ ಎರಡೂ ಚೆನ್ನಾಗಿವೆ ಅಂತಲೂ ಗೊತ್ತಾಗುತ್ತದೆ.

ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಬಟ್ಟೆಯಿಂದ ಒರೆಸಿ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೊಂದಿಸಿ ನೋಡಿದೆವು. ಅಂಕಿಗಳ ಮೇಲೆ ಉಜ್ಜಿದ ಗುರುತೋ, ಒಂದಕ್ಕಿಂತ ಒಂದು ಸೊಟ್ಟಗೋ ಇದ್ದರೆ ಮಾತೇ ಬೇಡ, ಕಳ್ಳ ಗಾಡಿ ಇರಬಹುದು. ಅಲ್ಲೇ ಹ್ಯಾಂಡಲ್ ಪೂರ್ತಿ ತಿರುಗಿದಾಗ ತಾಗುವ ಸ್ಟಾಪರ್ ಜಾಗವನ್ನೂ ನೋಡಿ. ಅಲ್ಲಿ ತಗ್ಗು ಬಿದ್ದಿದ್ದರೆ ಗಾಡಿ ಮುಂದೆ ಜೋರಾಗಿ ಗುದ್ದಿದೆ. ಪೇಂಟ್ ಮಾಡಿಸಬಹುದು, ಹೆಡ್‌ಲೈಟ್ ಡೂಮ್ ಬದಲಾಯಿಸಬಹುದು, ಇದನ್ನು ಮುಚ್ಚುವುದು ಕಷ್ಟ.

ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದೆ ಒತ್ತಿ ಹಿಡಿದು ಮುಂದಿನ ಚಕ್ರ ಮೇಲೆತ್ತಿಸಿ, ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದರೆ ನಡುವಲ್ಲಿ ಸಿಕ್ಕಿಕೊಂಡ ಹಾಗೆ ಆಗಬಾರದು. ಹಾಗೆ ಆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿದೆ ಅಂತ ಅರ್ಥ. ಮೇಷ್ಟ್ರ ಗಾಡಿಯಲ್ಲಿ ಸ್ವಲ್ಪ ಇತ್ತು. ಫೋರ್ಕ್ ರಾಡ್ ಮೇಲೆ ಬೆರಳು ಸವರಿದರೆ ಆಯಿಲ್ ಅಂಟಬಾರದು. ಹಿಂದಿನ ಚಕ್ರವನ್ನು ಅಕ್ಕಪಕ್ಕ ಅಲ್ಲಾಡಿಸಿದರೆ ಕಟಕಟ ಅನ್ನಬಾರದು. ಚೈನನ್ನು ಹಿಂದಿನ ಸ್ಪ್ರಾಕೆಟ್‌ನಿಂದ ಹಿಂದಕ್ಕೆ ಎಳೆದು ನೋಡಿ, ಹಲ್ಲು ಕಾಣುವಷ್ಟು ಮೇಲೆ ಬಂದರೆ ಅಥವಾ ಹಲ್ಲುಗಳು ಕುಡುಗೋಲಿನ ತುದಿ ಹಾಗೆ ಬಾಗಿದ್ದರೆ ಕಿಟ್ ಬದಲಾಯಿಸಬೇಕು. ಇಲ್ಲಿ ಅದೂ ಬೇಕಿತ್ತು. ಟ್ಯಾಂಕ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟೆ, ತುಕ್ಕು ಇರಲಿಲ್ಲ. ಪೆಟ್ರೋಲ್ ಪೈಪ್ ಮಾತ್ರ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಈಗ ಎಥೆನಾಲ್ ಬೆರೆಸಿದ ಪೆಟ್ರೋಲ್ ಅಲ್ವಾ, ಹಳೇ ಗಾಡಿಗಳ ರಬ್ಬರ್ ಸಾಮಾನು ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು.

ಓಡಿಸಿ ನೋಡುವಾಗ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಏನೂ ಗೊತ್ತಾಗಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಿ. ನಾಲ್ಕನೇ ಗೇರಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಗೇ ಆಕ್ಸಿಲರೇಟರ್ ಕೊಡಿ. ಇಂಜಿನ್ ಕಿರುಚಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಹಳ್ಳಿ ದಾಟಿದ ಮೇಲೆ ಒಂದು ಏರು ಇತ್ತು, ಇಬ್ಬರನ್ನೂ ಹೊತ್ತು ಮೂರನೇ ಗೇರಲ್ಲಿ ಹತ್ತಿತು. ಗೇರ್ ಎಲ್ಲೂ ಹೊರಗೆ ಬೀಳಲಿಲ್ಲ. ಮುಂದಿನ ಬ್ರೇಕ್ ಸಾಧಾರಣ. ಎರಡೂ ಕಡೆ ಡ್ರಮ್ ಬ್ರೇಕ್, ಅದೂ 2019ಕ್ಕಿಂತ ಹಿಂದಿನ ಮಾಡೆಲ್ ಆದ್ದರಿಂದ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಇಲ್ಲ. ಇದು ಈ ಗಾಡಿಯ ನಿಜವಾದ ಕೊರತೆ.

ಬೆಲೆ ಮಾತು ಮನೆ ಜಗಲಿ ಮೇಲೆ, ಕಾಫಿ ಕುಡಿಯುತ್ತಾ. "ನೋಡಪ್ಪ, ಒಬ್ಬರು ನಲವತ್ಮೂರಕ್ಕೆ ಕೇಳಿದ್ದಾರೆ, ನಾನೇ ಕೊಟ್ಟಿಲ್ಲ" ಅಂದರು ಮೇಷ್ಟ್ರು. ಮಾರುವವರೆಲ್ಲ ಹೇಳುವ ಮಾತೇ, ಬೇಜಾರಿಲ್ಲ. ಮೆಕ್ಯಾನಿಕ್ ಅಣ್ಣ ಬೆರಳು ಮಡಚುತ್ತಾ ಹೇಳಿದರು: "ಮೇಷ್ಟ್ರೇ, ಹಿಂದಿನ ಟೈರು ಹೋಗಿದೆ, ಚೈನ್ ಕಿಟ್ಟು, ಕೋನ್ ಸೆಟ್ಟು, ಮುಂದಿನ ಬ್ರೇಕ್ ಶೂ, ಇನ್ಶೂರೆನ್ಸು ಮುಗಿದಿದೆ. ಹುಡುಗ ಇದಕ್ಕೆಲ್ಲ ಕೈಯಿಂದ ಹಾಕಬೇಕು." ನಾನು ಹೊಸ ಗಾಡಿ ಮಾತು ತೆಗೆದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹೊಸದೇ ಇಳಿದ ಮೇಲೆ ಹಳೆಯದು ಹಳೇ ರೇಟಲ್ಲೇ ನಿಲ್ಲುವುದು ಹೇಗೆ ಸಾರ್ ಅಂದೆ. ಈ ಮಾತು ಕೆಲಸ ಮಾಡಿತು. 38ಕ್ಕೆ ನಿಂತಿತು. ಎಲ್ಲ ಬಿಟ್ಟು ಬರೀ "ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಅಂತ ಕೇಳಿದ್ದರೆ ಐನೂರೋ ಸಾವಿರವೋ ಇಳಿಸುತ್ತಿದ್ದರು ಅಷ್ಟೇ.

ದುಡ್ಡು ಫೋನಿನಲ್ಲೇ ಕಳಿಸಿದೆ, ಲೆಕ್ಕ ಇರಲಿ ಅಂತ. ಒಂದು ಹಾಳೆಯಲ್ಲಿ ಗಾಡಿ ಕೊಟ್ಟ ದಿನಾಂಕದ ಜೊತೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿದೆವು. ಅದಕ್ಕೂ ಹಿಂದೆ ಗಾಡಿಯಿಂದ ಏನಾದರೂ ಆಗಿದ್ದರೆ ನನ್ನ ತಲೆಗೆ ಬರಬಾರದು, ಅದರ ಮುಂದೆ ಆದರೆ ಅವರಿಗೂ ತೊಂದರೆ ಆಗಬಾರದು. ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗೆ ಇಳಿಸಬೇಡಿ. ಥರ್ಡ್ ಪಾರ್ಟಿ 75ರಿಂದ 150 ಸಿಸಿವರೆಗೆ ವರ್ಷಕ್ಕೆ 714 ರೂಪಾಯಿ, ಜಿಎಸ್‌ಟಿ ಬೇರೆ. ಇಷ್ಟು ಉಳಿಸಲು ಹೋಗಿ ಯಾರಿಗಾದರೂ ಗುದ್ದಿದರೆ ಹೊಲ ಮಾರಬೇಕಾಗುತ್ತದೆ. ಹಳೇ ಇನ್ಶೂರೆನ್ಸ್ ಇನ್ನೂ ಇದ್ದರೆ 14 ದಿನದೊಳಗೆ ಕಂಪನಿಗೆ ಬರೆದು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಈಗ ಗಾಡಿ ಹೇಗಿದೆ? ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಅಳೆದರೆ ಲೀಟರಿಗೆ 55ರಿಂದ 60 ಕೊಡುತ್ತಿದೆ. ಎಂಬತ್ತು ಬರುತ್ತೆ ಅಂದವರ ಮಾತು ಅಂಗಡಿಯಲ್ಲೇ ಬಿಟ್ಟುಬಿಡಿ. ಊರೊಳಗೆ, ಗುಬ್ಬಿ ಗೇಟ್, ಟೌನ್‌ಹಾಲ್ ಸರ್ಕಲ್ ಟ್ರಾಫಿಕ್‌ನಲ್ಲಿ ಇದಕ್ಕಿಂತ ಹಗುರವಾದ ಗಾಡಿ ಬೇಡ. ಹೆಂಡತಿ ಜೊತೆ ದೇವರಾಯನದುರ್ಗಕ್ಕೆ ಹೋದೆವು, ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರಿಗೆ ಇಳಿಸಬೇಕು, ಆದರೂ ದಮ್ಮು ಕಟ್ಟಲಿಲ್ಲ. ಸೀಟು ಪರವಾಗಿಲ್ಲ, ಹಿಂದಿನ ಶಾಕ್ಸ್ ಇಬ್ಬರಾದರೆ ಕುಕ್ಕುತ್ತದೆ. ಹೆಡ್‌ಲೈಟ್ ಮಾತ್ರ ಸಾಲದು. ರಾತ್ರಿ ಹೈವೇಯಲ್ಲಿ ಎದುರಿಂದ ಲಾರಿ ಬಂದರೆ ಮುಂದಿನ ಗುಂಡಿ ಕಾಣುವುದೇ ಇಲ್ಲ.

ಅರವತ್ತರ ಮೇಲೆ ಹೋದರೆ ಹ್ಯಾಂಡಲ್ ನಡುಗಲು ಶುರು. ಕೋನ್ ಸೆಟ್ ಹೊಸದು ಹಾಕಿಸಿದ ಮೇಲೂ ಸ್ವಲ್ಪ ಇದೆ, ಈ ಇಂಜಿನ್‌ಗೆ ಅದು ಸಹಜ ಅನ್ನುತ್ತಾರೆ ಅಣ್ಣ. ಹಾಗಾಗಿ ಊರಲ್ಲಿ, ತೋಟಕ್ಕೆ, ಹತ್ತಿಪ್ಪತ್ತು ಕಿಲೋಮೀಟರ್ ಕೆಲಸಕ್ಕೆ ಓಡಾಡುವವರು ಕಣ್ಣು ಮುಚ್ಚಿ ಬಿಎಸ್4 ಸ್ಪ್ಲೆಂಡರ್ ಹುಡುಕಿ. ಹೈವೇ ಹಿಡಿದು ದಿನಾ ನೆಲಮಂಗಲ, ದಾಬಸ್‌ಪೇಟೆ ಕಡೆ ಹೋಗಿ ಬರುವವರಾದರೆ ಇನ್ನೊಂದು ಹತ್ತು ಸಾವಿರ ಕೂಡಿಸಿಕೊಂಡು ಮುಂದೆ ಡಿಸ್ಕ್ ಬ್ರೇಕ್ ಇರುವ 125 ನೋಡಿ.